ಗಾಳಿಯಲ್ಲಿ ಕಳೆದ ಪ್ಯಾಕೆಟ್: ಟಿಸಿಪಿಯ ತಪ್ಪು ಊಹೆ

ಮೊಬೈಲ್‌ನಲ್ಲಿ ಸಿಗ್ನಲ್ ಇದೆ, ಜಾಲದಲ್ಲಿ ದಟ್ಟಣೆಯೂ ಇಲ್ಲ. ಆದರೂ ಕಡತ ಇಳಿಯುವುದು ಆಮೆಗತಿಯಲ್ಲಿ. ಇದಕ್ಕೆ ಕಾರಣಗಳು ಹಲವಿರಬಹುದು. ಅಂತರಜಾಲದ ಸಾಗಣೆ ನಿಯಮಾವಳಿಯಾದ ಟಿಸಿಪಿ ಮಾಡುವ ತಪ್ಪು ಊಹೆ ಅವುಗಳಲ್ಲೊಂದು.

ಟಿಸಿಪಿಯು ಮಾಹಿತಿಯನ್ನು ಸಣ್ಣ ಪ್ಯಾಕೆಟ್‌ಗಳಾಗಿ ತುಂಡರಿಸಿ ಕಳುಹಿಸುತ್ತದೆ. ತಲುಪಿದ್ದಕ್ಕೆ ಆಚೆಯಿಂದ ಸ್ವೀಕೃತಿ ಬರುತ್ತದೆ. ಒಂದೇ ಸ್ವೀಕೃತಿಯ ಮೂರು ನಕಲುಗಳು ಬಂದರೆ, ಇಲ್ಲವೇ ನಿಗದಿತ ಅವಧಿಯೊಳಗೆ ಸ್ವೀಕೃತಿಯೇ ಬಾರದಿದ್ದರೆ, ಪ್ಯಾಕೆಟ್ ಕಳೆಯಿತೆಂದು ಬಗೆದು ಮರಳಿ ಕಳುಹಿಸುತ್ತದೆ. ಅಷ್ಟಕ್ಕೇ ನಿಂತಿದ್ದರೆ ತೊಂದರೆಯಿರಲಿಲ್ಲ. ಅದು ವೇಗವನ್ನೂ ತಗ್ಗಿಸುತ್ತದೆ. ಮೊದಲ ಸಂದರ್ಭದಲ್ಲಿ ಹಳೆಯ ರೆನೋ ಮಾದರಿ ಅರ್ಧಕ್ಕೆ, ಲಿನಕ್ಸ್‌ನಲ್ಲಿರುವ ಕ್ಯೂಬಿಕ್ ಮಾದರಿ ಶೇ. 70ಕ್ಕೆ ಇಳಿಸಿದರೆ, ಎರಡನೆಯದರಲ್ಲಿ ಎಲ್ಲವೂ ಹೆಚ್ಚುಕಡಿಮೆ ಮೊದಲಿನಿಂದ ಆರಂಭ.

ಈ ಅಂಜಿಕೆಗೆ ಕಾರಣವಿದೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಹಾಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ನಡುವಣ ಸಂಪರ್ಕವು ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎರಡರ ನಡುವಿನ ದೂರ ಕೇವಲ 400 ಗಜ! ಈ ಕುಸಿತವನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ ನೀಡಿದ ಪರಿಹಾರವು ಪ್ಯಾಕೆಟ್ ನಷ್ಟವನ್ನೇ ದಟ್ಟಣೆಯ ಸೂಚನೆ ಎಂದು ಪರಿಗಣಿಸಿತು. ತಂತಿ ಮಾರ್ಗದಲ್ಲಿ ಪ್ಯಾಕೆಟ್ ಕೆಡುವುದು ಅಪರೂಪವಾದ್ದರಿಂದ ಆ ಊಹೆ ಸರಿಯಾಗಿಯೇ ಇತ್ತು.

ನಿಸ್ತಂತು ಮಾರ್ಗದ ಮಾತು ಬೇರೆ. ಗೋಡೆ ಅಡ್ಡ ಬಂದರೂ, ಪಕ್ಕದ ಉಪಕರಣದ ತರಂಗ ಬೆರೆತರೂ ಪ್ಯಾಕೆಟ್ ಕೆಡುತ್ತದೆ. ಆಗ ಬೇಕಾದದ್ದು ಬೇಗನೆ ಮರುಕಳುಹಿಸುವುದು, ಟಿಸಿಪಿಯಾದರೋ ಹಿಂಜರಿಯುತ್ತದೆ. ಪ್ಯಾಕೆಟ್ ಹೋಗಿ ಸ್ವೀಕೃತಿ ಮರಳಲು 100 ಮಿಲಿಸೆಕೆಂಡ್ ಬೇಕಾಗುವ ಮಾರ್ಗದಲ್ಲಿ ನೂರಕ್ಕೊಂದು ಪ್ಯಾಕೆಟ್ ಕಳೆದರೆ, ಲೆಕ್ಕದ ಪ್ರಕಾರ ರೆನೋ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ದಾಟದು. ಸಂಪರ್ಕದ ಸಾಮರ್ಥ್ಯ 100 ಮೆಗಾಬಿಟ್ ಇದ್ದರೂ ಅಷ್ಟೇ. ಗ್ರಾಹಕನು ಹಣ ತೆತ್ತ ವೇಗ ಅವನ ಕೈಗೆ ಬರುವುದಿಲ್ಲ.

ವೈ-ಫೈ ಹಾಗೂ ಮೊಬೈಲ್ ಜಾಲಗಳು ಕೆಟ್ಟ ಪ್ಯಾಕೆಟ್‌ಗಳನ್ನು ತಮ್ಮ ಹಂತದಲ್ಲೇ ಮರುಕಳುಹಿಸಿ ನಷ್ಟವನ್ನು ಟಿಸಿಪಿಯಿಂದ ಮರೆಮಾಚುತ್ತವೆ. ಇದಕ್ಕೆ ತೆರುವ ಬೆಲೆ ವಿಳಂಬ. 1995ರಲ್ಲಿ ಬರ್ಕ್ಲಿಯಲ್ಲಿ ಹರಿ ಬಾಲಕೃಷ್ಣನ್ ಮತ್ತು ಸಂಗಡಿಗರು ರೂಪಿಸಿದ 'ಸ್ನೂಪ್' ವಿಧಾನದಲ್ಲಿ ಗೋಪುರದ ಬಳಿಯ ಕೇಂದ್ರವೇ ಪ್ರತಿ ಇಟ್ಟುಕೊಂಡು ಮರುಕಳುಹಿಸಿ, ನಕಲು ಸ್ವೀಕೃತಿಗಳನ್ನು ತಡೆಹಿಡಿಯುತ್ತಿತ್ತು. ಜಾಣ ಉಪಾಯವೇ ಸರಿ. ಆದರೆ ಪ್ಯಾಕೆಟ್‌ನ ಶಿರೋಭಾಗವನ್ನೇ ಗೂಢಲಿಪಿಯಲ್ಲಿ ಅಡಗಿಸಿದರೆ ನಡುವಿನ ಕೇಂದ್ರಕ್ಕೆ ಏನೂ ಕಾಣದು.

ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್ ವಿಧಾನವು ನಷ್ಟವನ್ನು ನೆಚ್ಚದೆ, ಮಾರ್ಗದ ಸಾಮರ್ಥ್ಯವನ್ನೂ ಹೋಗಿಬರುವ ಸಮಯವನ್ನೂ ಅಳೆದು ವೇಗ ನಿರ್ಧರಿಸುತ್ತದೆ. ಆದರೆ ಅದರ ಮೊದಲ ಆವೃತ್ತಿಯು ಅದೇ ಮಾರ್ಗದಲ್ಲಿ ಸಾಗುವ ಹಳೆಯ ಮಾದರಿಗಳ ಪಾಲನ್ನು ಕಸಿಯುತ್ತದೆಂಬ ಆಕ್ಷೇಪ ಎದುರಿಸಬೇಕಾಯಿತು.