ವಿಕ್ರೋಳಿ ಮತ್ತು ಮುಂಬಯಿಯ ಕನ್ನಡ ಸಂಘಗಳು: ಒಂದು ಚಾರಿತ್ರಿಕ ಅವಲೋಕನ

ಹೊರನಾಡ ಕನ್ನಡದ ಅಧ್ಯಯನದಲ್ಲಿ ಮುಂಬಯಿಗೆ ದೊರೆತಿರುವ ಸ್ಥಾನ ಬಹುಮಟ್ಟಿಗೆ ಅಲ್ಲಿ ಬಾಳಿದ ಲೇಖಕರಿಂದ ಬಂದುದು. ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಇವರ ಕೃತಿಗಳ ಮೂಲಕವೇ ನಾವು ಆ ನಗರವನ್ನು ಓದುತ್ತ ಬಂದಿದ್ದೇವೆ. ಆದರೆ ಸಾಹಿತ್ಯ, ಇತಿಹಾಸ, ಕಲೆ, ತತ್ತ್ವಚಿಂತನೆ ಮೊದಲಾದ ಮಾನವಿಕ ವಿದ್ಯೆಗಳನ್ನು ತರಗತಿಯ ಹೊರಗೆ, ದುಡಿದು ದಣಿದ ಜನರ ನಡುವೆ ನೆಲೆಗೊಳಿಸಿದ ಸಂಘಸಂಸ್ಥೆಗಳು ನಮ್ಮ ಬರಹಗಳಲ್ಲಿ ಹೆಚ್ಚಾಗಿ ಹೆಸರಿನ ಪಟ್ಟಿಯಾಗಿಯೇ ಕಾಣಿಸಿಕೊಳ್ಳುತ್ತವೆ. ಪ್ರಕೃತ ಲೇಖನದಲ್ಲಿ ಮುಂಬಯಿಯ ಪೂರ್ವ ಉಪನಗರವಾದ ವಿಕ್ರೋಳಿಯನ್ನು ನೆಪವಾಗಿಟ್ಟುಕೊಂಡು ಈ ಸಂಘಗಳ ಚರಿತ್ರೆಯನ್ನು ಹೇಗೆ ಓದಬಹುದು, ಅದಕ್ಕೆ ಆಕರಗಳೇನು ಎಂಬುದನ್ನು ವಿಚಾರಿಸಲು ಯತ್ನಿಸಿದ್ದೇವೆ.

ಮೊದಲಿಗೆ 'ಹೊರನಾಡು' ಎಂಬ ಪದವನ್ನೇ ಪರಿಶೀಲಿಸಬೇಕು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ಅಲ್ಲಿಂದ ಬಂದ ಗುಮಾಸ್ತನಾಗಲಿ ವಿದ್ಯಾರ್ಥಿಯಾಗಲಿ ತನ್ನ ಪ್ರಾಂತ್ಯವನ್ನು ಬಿಟ್ಟು ಬಂದವನಲ್ಲ. ದಕ್ಷಿಣ ಕನ್ನಡದಿಂದ ಬಂದು ಹೋಟೆಲು, ಬಂದರು, ಗಿರಣಿಗಳಲ್ಲಿ ದುಡಿದವನು ಮದರಾಸು ಪ್ರಾಂತ್ಯದವನು. ಮೈಸೂರಿನಿಂದ ಬಂದವನು ದೇಶೀಯ ಸಂಸ್ಥಾನದ ಪ್ರಜೆ. ಹೀಗೆ ಮೂರು ಬೇರೆ ಬೇರೆ ಆಡಳಿತಗಳಿಗೆ ಸೇರಿದ ಕನ್ನಡಿಗರು ಒಂದೇ ಊರಿನಲ್ಲಿ ಕೂಡಿದರು. ಏಕೀಕರಣಕ್ಕೆ ಮೊದಲು ಇಂಥ ಸಂಗಮಕ್ಕೆ ಅವಕಾಶವಿದ್ದ ನಗರಗಳಲ್ಲಿ ಮುಂಬಯಿ ಪ್ರಮುಖವಾದುದು.

ಈ ಸಂಗಮದ ಕುರುಹು ಸಂಘಗಳ ಹೆಸರುಗಳಲ್ಲಿಯೇ ಉಳಿದಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಹೆಸರು ಸಮುದಾಯದ್ದು. 1926ರ ಮೈಸೂರು ಅಸೋಸಿಯೇಷನ್ನಿನ ಹೆಸರು ಸಂಸ್ಥಾನದ್ದು. 1933ರ ಕರ್ನಾಟಕ ಸಂಘದ ಹೆಸರು, ಆ ಹೊತ್ತಿಗೆ ಭೂಪಟದಲ್ಲಿ ಇಲ್ಲದಿದ್ದ ಒಂದು ನಾಡಿನದು. ಕರ್ನಾಟಕ ಎಂಬ ರಾಜ್ಯದ ಹೆಸರು ಅಧಿಕೃತವಾದುದು 1973ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೆ ನಾಲ್ಕು ದಶಕಗಳ ಹಿಂದೆ ಮುಂಬಯಿಯ ಕನ್ನಡಿಗರು ತಮ್ಮ ಸಂಘಕ್ಕೆ ಆ ಹೆಸರನ್ನಿಟ್ಟುದರ ಅರ್ಥ ಗೋಚರವಾಗುತ್ತದೆ. ಕನ್ನಡ ಸಾಹಿತ್ಯ ಸಮ್ಮೇಳನ ಮುಂಬಯಿಯಲ್ಲಿ ಎರಡು ಬಾರಿ, 1935ರಲ್ಲಿ ಎನ್. ಎಸ್. ಸುಬ್ಬರಾಯರ ಮತ್ತು 1951ರಲ್ಲಿ ಎಂ. ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ, ನಡೆದುದು ಇದೇ ಕಾಲಾವಧಿಯಲ್ಲಿ. ಎರಡೂ ಏಕೀಕರಣಕ್ಕೆ ಹಿಂದಿನವು ಎಂಬುದು ಗಮನಾರ್ಹ.

ಇದನ್ನು ಸಮುದಾಯದಿಂದ ನಾಡಿನತ್ತ ಸಾಗಿದ ನೇರ ವಿಕಾಸವೆಂದು ಭಾವಿಸುವುದು ತಪ್ಪಾದೀತು. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ ಹುಟ್ಟಿದುವು. ಸಮುದಾಯದ ಸಂಘವೂ ಭಾಷೆಯ ಸಂಘವೂ ಜೊತೆಜೊತೆಯಾಗಿಯೇ ಬೆಳೆದಿವೆ. ಒಬ್ಬನೇ ವ್ಯಕ್ತಿ ಎರಡರಲ್ಲಿಯೂ ಸದಸ್ಯನಾಗಿರಲು ಅಡ್ಡಿಯಿರಲಿಲ್ಲ. ಅಷ್ಟೇ ಅಲ್ಲ, ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವುಗಳಲ್ಲಿ ಸಮುದಾಯದ ಸಂಘಗಳೇ ಮುಂದಿದ್ದುವು. ಉಪನ್ಯಾಸ ವೇದಿಕೆಯ ಮುಂದೆ ಕುಳಿತ ಶ್ರೋತೃವರ್ಗದ ಒಂದು ಭಾಗವನ್ನು ಈ ರಾತ್ರಿಶಾಲೆಗಳೇ ಸಿದ್ಧಪಡಿಸಿದುವೆಂದು ನಾವು ತಿಳಿಯುತ್ತೇವೆ. ಆದುದರಿಂದ ಜಾತಿಸಂಘವೆಂಬ ಕಾರಣಕ್ಕೆ ಅವುಗಳನ್ನು ಸಂಶೋಧನೆಯ ಪರಿಧಿಯಿಂದ ಹೊರಗಿಡುವುದು ಯುಕ್ತವಲ್ಲ.

ಇನ್ನು ವಿಕ್ರೋಳಿಗೆ ಬರೋಣ. ವಿಕ್ರೋಳಿಯ ಆಧುನಿಕ ಚರಿತ್ರೆ ಕಾರ್ಖಾನೆಯೊಂದಿಗೆ ಬೆಸೆದುಕೊಂಡಿದೆ. ಗೋದ್ರೇಜ್ ಕುಟುಂಬ ಅಲ್ಲಿಯ ವಿಸ್ತಾರವಾದ ಭೂಮಿಯನ್ನು 1943ರಲ್ಲಿ ಕೊಂಡಿತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮತಪೆಟ್ಟಿಗೆಗಳು ತಯಾರಾದುದು ಇಲ್ಲಿ. 1955ರಲ್ಲಿ ಗೋದ್ರೇಜ್ ಸಂಸ್ಥೆ ದೇಶೀಯ ಬೆರಳಚ್ಚು ಯಂತ್ರವನ್ನು ಹೊರತಂದಿತು. ಪೂರ್ವಕ್ಕೆ ಗೃಹನಿರ್ಮಾಣ ಮಂಡಳಿಯ ವಸತಿಗಳಾದ ಟಾಗೋರ್ ನಗರ, ಕನ್ನಮ್ವಾರ್ ನಗರಗಳು ಬೆಳೆದುವು. ಎರಡನೆಯ ಬಡಾವಣೆಗೆ 1962-63ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಮಾರೋತರಾವ್ ಕನ್ನಮ್ವಾರರ ಹೆಸರು. ಮಾಟುಂಗ, ಫೋರ್ಟ್ ಮೊದಲಾದ ಹಳೆಯ ನೆಲೆಗಳಿಂದ ದೂರ ಸರಿದ ಕೆಳಮಧ್ಯಮ ವರ್ಗದ ಸಂಸಾರಗಳು ಇಂಥ ಉಪನಗರಗಳಲ್ಲಿ ಬೇರೂರಿದುವು. ಸಂಘವೂ ಅವರನ್ನು ಹಿಂಬಾಲಿಸಿತು. ಗೋರೆಗಾಂವ್, ಚೆಂಬೂರು, ಡೊಂಬಿವಲಿಗಳಂತೆ ವಿಕ್ರೋಳಿಗೂ ತನ್ನದೇ ಸಂಘವಾಯಿತು.

ವಿಕ್ರೋಳಿ ಕನ್ನಡ ಸಂಘ ಎಂಬ ಹೆಸರಿನಲ್ಲಿ ಸಮುದಾಯವಿಲ್ಲ, ಸಂಸ್ಥಾನವಿಲ್ಲ. ಅಲ್ಲಿರುವುದು ಭಾಷೆ ಮತ್ತು ರೈಲು ನಿಲ್ದಾಣ. ಬಂದ ಊರಿನ ಬದಲು ನೆಲಸಿದ ಊರನ್ನು ಹೆಸರಾಗಿ ಧರಿಸಿದ ಈ ಸಂಘ, ಮರಳಿ ಹೋಗುವ ವಲಸಿಗನ ಕಾಲ ಮುಗಿದುದನ್ನು ಸೂಚಿಸುತ್ತದೆ. ಅದು ನಡೆಸುತ್ತ ಬಂದ ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಇದನ್ನು ಅಸಂಗತವೆಂದು ಟೀಕಿಸುವುದು ಸುಲಭ. ಆದರೆ ನೆಲಸಿದ ಊರಿನಲ್ಲಿ ಮಕ್ಕಳ ಬದುಕು ಯಾವ ಭಾಷೆಯಲ್ಲಿ ಸಾಗುವುದೆಂಬ ತಂದೆತಾಯಿಯರ ಎಣಿಕೆಗೆ ಸಂಘ ಕಿವಿಗೊಡಲೇಬೇಕಾಗಿತ್ತು. ಮುಂಬಯಿಯ ಅನೇಕ ಕನ್ನಡ ಸಂಸ್ಥೆಗಳು ಇದೇ ಇಕ್ಕಟ್ಟಿನಲ್ಲಿ ಸಾಗಿವೆ. ಶಾಲೆ ಸಂಸ್ಥೆಗೆ ನೆಲೆಯನ್ನೂ ಆದಾಯವನ್ನೂ ಕೊಡುತ್ತದೆ. ಕನ್ನಡ ಸಭಾಂಗಣದಲ್ಲಿ ಉಳಿಯುತ್ತದೆ. ಆ ಸಭಾಂಗಣದಲ್ಲಿ ಮುಂದಿನ ತಲೆಮಾರು ಕುಳಿತೀತೆ ಎಂಬ ಪ್ರಶ್ನೆಗೆ ಹೆಸರು ಉತ್ತರ ಕೊಡಲಾರದು.

ಸಂಘಗಳ ಬದುಕಿಗೆ ಆಧಾರವೇನು? ಅಮೆರಿಕದಲ್ಲಿ 1965ರಲ್ಲಿ ರಾಷ್ಟ್ರೀಯ ಮಾನವಿಕ ದತ್ತಿಸಂಸ್ಥೆ ಸ್ಥಾಪಿತವಾಗಿ, 1970ರ ದಶಕದಲ್ಲಿ ಅದರ ಅನುದಾನದಿಂದ ರಾಜ್ಯ ರಾಜ್ಯಗಳಲ್ಲಿ ಮಾನವಿಕ ಮಂಡಳಿಗಳು ಏರ್ಪಟ್ಟುವು. ಮೇಲಿನಿಂದ ಬಂದ ಆ ಅನುದಾನವನ್ನು 2025ರ ಏಪ್ರಿಲ್‌ನಲ್ಲಿ ರದ್ದುಪಡಿಸಿದಾಗ ಮಂಡಳಿಗಳು ಒಮ್ಮೆಲೇ ಕಷ್ಟಕ್ಕೆ ಸಿಲುಕಿ, ವಿವಾದ ನ್ಯಾಯಾಲಯಕ್ಕೆ ಹೋಯಿತು. ಕನ್ನಡದ ಕ್ರಮ ಬೇರೆ. 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗಿನಿಂದಲೂ ಸದಸ್ಯರ ವಂತಿಗೆ, ದಾನಿಗಳ ದತ್ತಿ, ಕಾರ್ಯಕರ್ತರ ಸಂಬಳವಿಲ್ಲದ ದುಡಿಮೆ ಇವೇ ಸಂಘಗಳ ಮುಖ್ಯ ಬಂಡವಾಳ. ಮೈಸೂರು ಅಸೋಸಿಯೇಷನ್ ಮತ್ತು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕೂಡಿ ನಡೆಸಿದ ದತ್ತಿ ಉಪನ್ಯಾಸಗಳು ಈ ಕ್ರಮದ ಒಳ್ಳೆಯ ಫಲಗಳಲ್ಲಿ ಒಂದು. ಸಂಘದ ವೇದಿಕೆಗೆ ವಿದ್ವತ್ತಿನ ಶಿಸ್ತು, ವಿದ್ವತ್ತಿಗೆ ತರಗತಿಯಾಚೆಯ ಶ್ರೋತೃ ಇದರಿಂದ ಲಭಿಸಿದರು.

ಆಕರಗಳ ಪ್ರಶ್ನೆಯಲ್ಲಿ ಹೊರಗಿನ ಸಂಶೋಧಕರಿಗೆ ಒಂದು ಸೂಚನೆ. ಇಂಥ ಸಂಸ್ಥೆಗಳು ಸಾಮಾನ್ಯವಾಗಿ 1860ರ ಸಂಘಗಳ ನೋಂದಣಿ ಕಾಯಿದೆ ಮತ್ತು 1950ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಎರಡನೆಯದು ದಾರಿದ್ರ್ಯ ಪರಿಹಾರ, ಶಿಕ್ಷಣ, ವೈದ್ಯಕೀಯ ನೆರವುಗಳೊಡನೆ ಸಾರ್ವಜನಿಕ ಹಿತದ ಇತರ ಉದ್ದೇಶಗಳನ್ನೂ ದತ್ತಿಕಾರ್ಯವೆಂದು ಮನ್ನಿಸುತ್ತದೆ. ವಿಶ್ವಸ್ತರ ಹೆಸರು, ಸ್ಥಿರಾಸ್ತಿ, ಕಾಲಕಾಲದ ಬದಲಾವಣೆ, ಲೆಕ್ಕಪತ್ರ ಇವೆಲ್ಲ ಚಾರಿಟಿ ಕಮಿಷನರರ ಕಚೇರಿಗೆ ಸಲ್ಲಬೇಕು. ಆದರೆ ಯಾವ ಸಂಜೆ ಯಾರು ಪಂಪನನ್ನು ಕುರಿತು ಮಾತನಾಡಿದರು, ಕೇಳಲು ಎಷ್ಟು ಮಂದಿ ಪಾಳಿ ಮುಗಿಸಿ ಬಂದರು, ಗ್ರಂಥಾಲಯದಿಂದ ಯಾವ ಪುಸ್ತಕ ಹೆಚ್ಚು ಸಲ ಮನೆಗೆ ಹೋಯಿತು ಎಂಬುದನ್ನು ಕಾಯಿದೆ ಕೇಳುವುದಿಲ್ಲ. ಹಣದ ಚರಿತ್ರೆ ಸರಕಾರದ ಕಡತದಲ್ಲಿ ಉಳಿಯುತ್ತದೆ. ವಿದ್ಯೆಯ ಚರಿತ್ರೆ ನಡವಳಿ ಪುಸ್ತಕ, ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ, ಪುಸ್ತಕ ಎರವಲಿನ ದಾಖಲೆಗಳನ್ನೇ ನಂಬಿದೆ.

ಇಂಥ ಕಾಗದಪತ್ರಗಳು ಎಷ್ಟೋ ವೇಳೆ ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿರುತ್ತವೆ. ವಿಕ್ರೋಳಿಯ ಹಳೆಯ ವಸತಿ ಕಟ್ಟಡಗಳು ಒಂದೊಂದಾಗಿ ಪುನರಭಿವೃದ್ಧಿಗೆ ಒಳಗಾಗುತ್ತಿವೆ. ಮನೆ ಖಾಲಿ ಮಾಡುವ ದಿನ, ಕನ್ನಡ ಓದಲು ಬಾರದ ಮೊಮ್ಮಕ್ಕಳ ಕೈಯಲ್ಲಿ ಇವು ರದ್ದಿಯ ಪಾಲಾಗುವ ಸಂಭವವೇ ಹೆಚ್ಚು. ಆದಕಾರಣ ಗ್ರಂಥಸಂಪಾದನೆಗೆ ತಾಳೆಗರಿಯನ್ನು ಹುಡುಕಿದ ಶ್ರದ್ಧೆಯಿಂದಲೇ ಈ ದಾಖಲೆಗಳನ್ನೂ ಹುಡುಕಿ, ಸಂಘಗಳ ಅನುಮತಿ ಪಡೆದು, ಪ್ರತಿಮಾಡಿಕೊಳ್ಳುವುದು ಹೊರನಾಡಿನ ಕನ್ನಡ ಪೀಠಗಳು ಮೊದಲು ಕೈಗೊಳ್ಳಬೇಕಾದ ಕಾರ್ಯವೆಂದು ನಾವು ಭಾವಿಸುತ್ತೇವೆ. ವಿಶ್ಲೇಷಣೆ ಕಾಯಬಹುದು, ಕಪಾಟು ಕಾಯದು.