ಕಲ್ಲಿನ ಕಮಲಕ್ಕ ರೊಕ್ಕ ಕೊಟ್ಟವರು ಯಾರು?

(1/5)
ದೋಸ್ತರ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿನವರಾದ್ರೂ ಒಂದಿಲ್ಲೊಂದು ಕೆಲಸಕ್ಕ ಬೆಳಗಾವಿಗೆ ಹೋಗೇ ಇರ್ತೀರಿ. ಅಲ್ಲಿ ಕೋಟೆಯೊಳಗಿನ ಕಮಲ ಬಸದಿ ನೋಡೀರೇನು? ಒಳಗ ನಿಂತು ಕತ್ತು ಎತ್ತಿದ್ರ ಛತ್ತಿನಿಂದ ಕಲ್ಲಿನ ಕಮಲ ಇಳಿಬಿದ್ದಂಗ ಕಾಣತೈತಿ. ಎಲ್ಲಾರೂ ಫೋಟೋ ತಗೀತಾರ. ಬಿಕಾಂ ಓದೋ ನನಗ ಬಂದ ಪ್ರಶ್ನೆ ಬ್ಯಾರೆ: ಇದಕ್ಕ ರೊಕ್ಕ ಎಲ್ಲಿಂದ ಬಂತು?

(2/5)
ಉತ್ತರ ಶಾಸನದಾಗ ಐತಿ. ವರ್ಷ 1204. ಬೆಳಗಾವಿಗೆ ಆಗ ವೇಣುಗ್ರಾಮ ಅಂತಿದ್ರು. ಆಳ್ತಿದ್ದವರು ರಟ್ಟರು, ದೊರೆ 4ನೇ ಕಾರ್ತವೀರ್ಯ. ಬಸದಿ ಕಟ್ಟಿಸಿದವನು ಅವನ ಮಂತ್ರಿ ಬೀಚಿರಾಜ. ಕಟ್ಟಿಸಿ ಕೈ ತೊಳಕೊಳ್ಳಲಿಲ್ಲ ನೋಡ್ರಿ. ಬಸದಿ ನಡೀಲಿಕ್ಕ ಭೂಮಿ ದತ್ತಿ ಬಂತು. ಅದರ ಜೊತಿಗೆ ಊರಿನ ವರ್ತಕರು, ಗುಜರಾತ್ ಮತ್ತು ಕೇರಳ ಕಡೆಯಿಂದ ಬಂದವರೂ ಸೇರಿ, ಮಾರೋ ಸರಕಿನ ಮ್ಯಾಲ ಇಷ್ಟಿಷ್ಟು ಬಸದಿಗೆ ಅಂತ ಬಿಟ್ಟುಕೊಟ್ಟರು. ಅಂದ್ರ ಪ್ಯಾಟಿ ನಡೆಯೋತನ ಬಸದಿಗೂ ಆದಾಯ. ಆ ಶಾಸನದ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂದಾಗ ಅದಾವ.

(3/5)
ಅದು ಧರ್ಮದ ದತ್ತಿ, ಖರೆ. ಈಗಿನ ನಗರಗಳು ಇದನ್ನ ಕಾನೂನಿನಿಂದ ಮಾಡ್ತಾವ. 1959ರಾಗ ಅಮೆರಿಕದ ಫಿಲಡೆಲ್ಫಿಯಾ ಒಂದು ನಿಯಮ ತಂತು: ನಗರದ ಪುನರಾಭಿವೃದ್ಧಿ ಜಾಗದಾಗ ಕಟ್ಟಡ ಕಟ್ಟೋರು ನಿರ್ಮಾಣ ವೆಚ್ಚದ ಕನಿಷ್ಠ 1% ಕಲೆಗೆ ತೆಗೆದಿಡಬೇಕು. ಹಂಗ ಬಂದದ್ದೇ 1976ರ 'ಕ್ಲೋತ್ಸ್‌ಪಿನ್': ಬಟ್ಟೆ ಒಣಹಾಕೋ ಕ್ಲಿಪ್ಪು, ಎತ್ತರ 45 ಅಡಿ!

(4/5)
ನಮ್ಮ ದೇಶದಾಗ? ಸ್ವಾತಂತ್ರ್ಯ ಬಂದ ಮ್ಯಾಲ ಸಾರ್ವಜನಿಕ ಕಟ್ಟಡ ಸಾಲುಸಾಲಾಗಿ ಏಳ್ತಿದ್ದವು. ಅವುಗಳಾಗ ಭಾರತೀಯ ಕಲಾವಿದರಿಗೆ ಕೆಲಸ ಕೊಡ್ರಿ, ಒಟ್ಟು ಖರ್ಚಿನ ಮುಂದ ಅದು ಭಾಳ ಸಣ್ಣದು ಅನ್ನೋದು ನೆಹರೂ ಸಲಹೆ. ದಿಲ್ಲಿಯ ರಿಸರ್ವ್ ಬ್ಯಾಂಕ್ ಬಾಗಿಲದಾಗ ರಾಮಕಿಂಕರ್ ಬೈಜ್ ಕೆತ್ತಿದ ಯಕ್ಷ, ಯಕ್ಷಿ ನಿಂತದ್ದು ಹಂಗ. ಆದ್ರ ಸಲಹೆ ಬ್ಯಾರೆ, ನಿಯಮ ಬ್ಯಾರೆ.

(5/5)
ಈಗ ನಮ್ಮ ಕಡೆ ಬರ್ರಿ. ಹೋದ ವರ್ಷ ನಾವು ಗೆಳೆಯರು ವಂತಿಗೆ ಹಾಕಿ ಒಂದು ಗೋಡೆಗೆ ಚಿತ್ರ ಬರದ್ವಿ. ಉದ್ಘಾಟನೆ ಆತು, ಸ್ಟೇಟಸ್ ಆತು. ಒಂದು ಮಳೆಗಾಲಕ್ಕ ಬಣ್ಣ ಕಿತ್ತು ಬಂತು. ಮತ್ತ ಬಣ್ಣ ಹಚ್ಚಲಿಕ್ಕ ಯಾರ ಹತ್ರಾನೂ ರೊಕ್ಕ ಇರಲಿಲ್ಲ. ತಪ್ಪು ನಮ್ಮದೇ. ಕ್ಲಾಸಿನಾಗ ಕಲ್ತ ಪಾಠ ಗೋಡೆ ಮುಂದ ಮರ್ತಿದ್ವಿ: ಕಟ್ಟೋದು ಬಂಡವಾಳ ವೆಚ್ಚ, ಒಂದೇ ಸಲ. ಉಳಿಸೋದು ಪ್ರತಿ ವರ್ಷದ ವೆಚ್ಚ. 800 ವರ್ಷದ ಹಿಂದಿನ ವರ್ತಕರಿಗೆ ಅದು ಗೊತ್ತಿತ್ತು.

ನಿಮ್ಮೂರಿನ ಪುರಸಭೆ, ನಗರಸಭೆ, ಪಟ್ಟಣ ಪಂಚಾಯತಿ ಪ್ರತಿ ವರ್ಷ ಬಜೆಟ್ ಮಾಡತಾವ. ಒಮ್ಮೆ ತಗದು ಓದ್ರಿ. ಮೂರ್ತಿ, ಚಿತ್ರ, ಹಳೇ ಕಲ್ಲು, ಇವನ್ನ ನೋಡಿಕೊಳ್ಳಲಿಕ್ಕ ಒಂದು ಸಾಲು ಐತೇನು? ಇಲ್ಲಂದ್ರ ಕೇಳೋರು ನಾವೇ ಆಗಬೇಕು. ಏನು ಸಿಕ್ತು ಅಂತ ಕಾಮೆಂಟಿನಾಗ ಹೇಳ್ರಿ.

#ನಮ್ಮಬೆಳಗಾವಿ #ಕಮಲಬಸದಿ #ಇತಿಹಾಸದಲೆಕ್ಕ