ಫ್ಯಾಕ್ಟ್‌ಚೆಕ್: ‘ಪವರ್ ಸೇವರ್’ ಪ್ಲಗ್ ಹಾಕಿದರೆ ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತದೆಯೇ?

“ಈ ಚಿಕ್ಕ ಪ್ಲಗ್ ಅನ್ನು ಸಾಕೆಟ್‌ಗೆ ಹಾಕಿ, ಕರೆಂಟ್ ಬಿಲ್ ಅರ್ಧಕ್ಕೆ ಇಳಿಸಿ” ಎನ್ನುವ ವಿಡಿಯೋ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಓಡಾಡುತ್ತಿದೆ. ಬಾದಾಮಿ ಹತ್ತಿರದ ಮಹಾಕೂಟದ ಓದುಗರೊಬ್ಬರು ಅದನ್ನು ನಮಗೆ ಕಳುಹಿಸಿ, “ಇದನ್ನು ತಗೋಬಹುದಾ?” ಎಂದು ಕೇಳಿದ್ದಾರೆ. ನಮ್ಮ ಉತ್ತರ: ಬೇಡ. ಕಾರಣ ಮುಂದಿದೆ.

ವಿಡಿಯೋದಲ್ಲಿ ಏನಿದೆ?

ಮೋಟಾರ್ ಓಡುತ್ತಿರುತ್ತದೆ. ಪಕ್ಕದಲ್ಲಿ ಆಂಪಿಯರ್ ತೋರಿಸುವ ಮೀಟರ್ ಇರುತ್ತದೆ. ಪ್ಲಗ್ ಹಾಕಿದ ಕೂಡಲೇ ಮೀಟರಿನ ಅಂಕಿ ಇಳಿಯುತ್ತದೆ. “ನೋಡಿ, ಕರೆಂಟ್ ಉಳಿಯಿತು” ಎನ್ನುತ್ತಾರೆ.

ಸತ್ಯಾಂಶ ಏನು?

ಅಂಕಿ ಇಳಿಯುವುದು ನಿಜ. ಆದರೆ ಮನೆಗೆ ಬಿಲ್ ಬರುವುದು ಆಂಪಿಯರ್ ಲೆಕ್ಕದಲ್ಲಲ್ಲ, ಯೂನಿಟ್ ಲೆಕ್ಕದಲ್ಲಿ. ಒಂದು ಯೂನಿಟ್ ಎಂದರೆ 1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಖರ್ಚಾಗುವ ವಿದ್ಯುತ್.

ಈ ಪ್ಲಗ್‌ಗಳೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್ ಮತ್ತು ಉರಿಯುವ ಪುಟ್ಟ ದೀಪ. ಮೋಟಾರುಗಳು ತಮ್ಮ ಕೆಲಸಕ್ಕೆ ಬೇಕಾದ ವಿದ್ಯುತ್ತಿನ ಜೊತೆಗೆ, ತಂತಿಯಲ್ಲಿ ಸುಮ್ಮನೆ ಹೋಗಿ ವಾಪಸ್ ಬರುವ ಒಂದಿಷ್ಟು ಕರೆಂಟನ್ನೂ ಎಳೆಯುತ್ತವೆ. ಕೆಪಾಸಿಟರ್ ತಗ್ಗಿಸುವುದು ಈ ಎರಡನೆಯದನ್ನು ಮಾತ್ರ. ಜೋಳದ ರಾಶಿಯಲ್ಲಿ ಕಾಳೂ ಇರುತ್ತದೆ, ಹೊಟ್ಟೂ ಇರುತ್ತದೆ. ಮನೆಯ ಮೀಟರ್ ತೂಗುವುದು ಕಾಳನ್ನು ಮಾತ್ರ. ಈ ಪ್ಲಗ್ ತೂರುವುದು ಹೊಟ್ಟನ್ನು. ಹಾಗಾಗಿ ಬಿಲ್ ಇಳಿಯುವುದಿಲ್ಲ.

ಕೈಗಾರಿಕೆಗಳ ಕಥೆ ಬೇರೆ. ದೊಡ್ಡ ಮೋಟಾರುಗಳನ್ನು ಓಡಿಸುವವರ ಪವರ್ ಫ್ಯಾಕ್ಟರ್ ಕಡಿಮೆಯಾದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅಲ್ಲಿ ಸರಿಯಾದ ಅಳತೆಯ ಕೆಪಾಸಿಟರ್ ಹಾಕಿದರೆ ಲಾಭವಿದೆ. ಆ ಅರ್ಧ ಸತ್ಯವನ್ನೇ ಮನೆಗಳಿಗೆ ಮಾರುತ್ತಿದ್ದಾರೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ‘ನಿಸ್ಟ್’ ಕೂಡ 2009ರಲ್ಲೇ, ಇಂಥ ಸಾಧನದಿಂದ ಮನೆ ಬಳಕೆಯಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ ಎಂದು ವಿವರಿಸಿತ್ತು.

“ನಮ್ಮ ಮನೇಲಿ ಬಿಲ್ ಇಳೀತಲ್ಲ?”

ಮೇ ತಿಂಗಳಲ್ಲಿ ಪ್ಲಗ್ ಕೊಂಡು ಜುಲೈ ಬಿಲ್ ನೋಡಿದರೆ ಇಳಿದೇ ಇರುತ್ತದೆ. ಮಳೆ ಬಂದು ಫ್ಯಾನ್, ಕೂಲರ್ ಓಡುವುದು ಕಡಿಮೆಯಾಗಿರುತ್ತದೆ, ಅಷ್ಟೇ.

ಈಗಾಗಲೇ ಪ್ಲಗ್ ಕೊಂಡಿದ್ದರೆ ನೀವೇ ಪರೀಕ್ಷಿಸಿ. ಮನೆಯಲ್ಲಿ ಒಂದು ಫ್ಯಾನ್ ಬಿಟ್ಟು ಉಳಿದೆಲ್ಲ ಆಫ್ ಮಾಡಿ. ಡಿಜಿಟಲ್ ಮೀಟರಿನ ಕೆಂಪು ದೀಪ ಹತ್ತು ನಿಮಿಷದಲ್ಲಿ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ. ಆಮೇಲೆ ಪ್ಲಗ್ ಹಾಕಿ ಮತ್ತೆ ಎಣಿಸಿ. ಯೂನಿಟ್‌ಗೆ 3200 ಸಲ ಮಿನುಗುವ ಮೀಟರ್ ಆದರೆ, 75 ವ್ಯಾಟ್ ಫ್ಯಾನ್‌ಗೆ ಎರಡೂ ಸಲ ಸುಮಾರು 40 ಬರುತ್ತದೆ.

ಗೃಹಜ್ಯೋತಿ ಇದ್ದವರು ಯಾಕೆ ಎಚ್ಚರವಾಗಿರಬೇಕು?

ಬಾಗಲಕೋಟೆ ಜಿಲ್ಲೆ ಹೆಸ್ಕಾಂ ವ್ಯಾಪ್ತಿಯಲ್ಲಿದೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಬಳಕೆ 90 ಯೂನಿಟ್ ಇದ್ದರೆ, ಅದಕ್ಕೆ ಶೇ. 10 ಸೇರಿ 99 ಯೂನಿಟ್ ಉಚಿತ. 130 ಬಳಸಿದರೆ ಹೆಚ್ಚುವರಿ 31 ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. “ಪ್ಲಗ್ ಇದೆಯಲ್ಲ” ಎಂದು ನಂಬಿ ಕೂಲರ್, ಗೀಸರ್ ಹೆಚ್ಚು ಓಡಿಸಿದರೆ ಪ್ಲಗ್‌ನ ದುಡ್ಡೂ ಹೋಗುತ್ತದೆ, ಉಚಿತವೂ ತಪ್ಪುತ್ತದೆ.

ಹಾಗಾದರೆ ನಿಜವಾಗಿ ಉಳಿಯುವುದು ಎಲ್ಲಿ?

• ಫ್ಯಾನ್: 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್. ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 11 ಯೂನಿಟ್ ಸಾಕು. ಬೆಲೆ ಹೆಚ್ಚು, ಆದ್ದರಿಂದ ಹೆಚ್ಚು ಹೊತ್ತು ಓಡುವ ಫ್ಯಾನನ್ನು ಮೊದಲು ಬದಲಿಸಿ.

• ಬಿಸಿನೀರು: 2000 ವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಕಾದರೆ ತಿಂಗಳಿಗೆ 30 ಯೂನಿಟ್. ನಮ್ಮ ಕಡೆಯ ಬಿಸಿಲಿಗೆ ಸೋಲಾರ್ ವಾಟರ್ ಹೀಟರ್ ಚೆನ್ನಾಗಿ ಒಗ್ಗುತ್ತದೆ.

• ಕೂಲರ್: ಒಣ ಹವೆಯಲ್ಲಿ ಕೂಲರ್ ಒಳ್ಳೆಯ ಕೆಲಸ ಮಾಡುತ್ತದೆ. ಎಸಿಗಿಂತ ಅದಕ್ಕೆ ತುಂಬ ಕಡಿಮೆ ವಿದ್ಯುತ್ ಸಾಕು. ಆದರೆ ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ಕೋಣೆಯಲ್ಲಿ ಹಸಿ ತುಂಬಿ ಸೆಕೆಯಾಗುತ್ತದೆ.

• ಎಸಿ: 24 ಡಿಗ್ರಿಯಲ್ಲಿಡಿ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

• ಸೆಟ್‌ಟಾಪ್ ಬಾಕ್ಸ್: ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಿ. 10 ವ್ಯಾಟ್ ಎಳೆಯುವ ಬಾಕ್ಸ್ ದಿನವಿಡೀ ಆನ್ ಇದ್ದರೆ ತಿಂಗಳಿಗೆ 7 ಯೂನಿಟ್.

ತೀರ್ಮಾನ

ಪವರ್ ಸೇವರ್ ಪ್ಲಗ್‌ನಿಂದ ಮನೆಯ ಬಿಲ್ ಅರ್ಧವಾಗುತ್ತದೆ ಎನ್ನುವುದು ಸುಳ್ಳು. ಕಳಪೆ ಪ್ಲಗ್ ಆದರೆ ಬಿಸಿಯಾಗಿ ಸುಡುವ ಅಪಾಯವೂ ಇದೆ. ಬಿಲ್ ಬಗ್ಗೆ ಅನುಮಾನವಿದ್ದರೆ 1912ಕ್ಕೆ ಕರೆ ಮಾಡಿ. ಆ ವಿಡಿಯೋ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಲೆಕ್ಕವನ್ನು ಹಂಚಿಕೊಳ್ಳಿ.